ಆರನೆಯ ಅಂಕಿ

ಹಾಸನದ ಕ್ಯೂರಿಂಗ್ ವರ್ಕ್ಸಿನವರು ನನಗೆ ಕೊಡುವುದು
ತೋಟಕ್ಕಿಷ್ಟು ಎಂದು, ಪೆಟ್ರೋಲು ಬೇರೆ.
ಕೈಯಲ್ಲೊಂದು ಫೋನು. ಬೇಲಿ ಹಿಡಿದು ಸುತ್ತಬೇಕು,
ಮೂಲೆ ಮೂಲೆಗೂ ನಿಂತು ಚುಕ್ಕೆ ಒತ್ತಬೇಕು,
ಹೊರಟಲ್ಲಿಗೇ ಬಂದು ಗೆರೆ ಕೂಡಿಸಬೇಕು.
ಕೂಡದಿದ್ದರೆ ಫೋನು ಕೆಂಪಗಾಗುತ್ತದೆ.

ಕಡಲಾಚೆ ಇಪ್ಪತ್ತೇಳು ದೇಶ ಒಂದು ಮಾತಿಗೆ ಬಂದಿವೆ:
ಕಾಡು ಕಡಿದ ನೆಲದ ಕಾಫಿ ನಮ್ಮ ಬಟ್ಟಲಿಗೆ ಬೇಡ.
ಒಳ್ಳೆಯ ಮಾತು. ಯಾರು ಬೇಡವೆಂದಾರು?
ಆದರೆ ಒಳ್ಳೆಯ ಮಾತಿಗೂ ಒಂದು ಅಳತೆಪಟ್ಟಿ ಇರುತ್ತದೆ,
ಅದು ಬಂದು ನಿಂತದ್ದು ಹಾನುಬಾಳಿನ ಮೇಲುಗಡೆ,
ಕೆಂಚಮ್ಮನ ಮೂವತ್ತೊಂದು ಗುಂಟೆಯಲ್ಲಿ.

"ಅವ್ರಿಗ್ಯಾಕಪ್ಪ ನನ್ ಬೇಲಿ?"
ಎಂದಳು, ಸೊಂಟದ ಕುಕ್ಕೆ ಇಳಿಸದೆ.
ತರಬೇತಿಯಲ್ಲಿ ಕಲಿತದ್ದನ್ನು ಒಪ್ಪಿಸಿದೆ:
ಉಪಗ್ರಹ, ಅಕ್ಷಾಂಶ, ರೇಖಾಂಶ,
ಚುಕ್ಕೆಯ ಮುಂದೆ ಆರು ಅಂಕಿ.
ಆರನೆಯ ಅಂಕಿ ಎಂದರೆ, ಅಮ್ಮಾ,
ನಿನ್ನ ಗೇಣಿನಲ್ಲಿ ಅರ್ಧ.

ಗೇಣು ಬಿಚ್ಚಿ ನೋಡಿಕೊಂಡಳು. ಆಮೇಲೆ ಕೇಳಿದಳು:
"ಅಲ್ಲಿ ಬರ್ಕೊಂಡ್ರೆ ಇಲ್ಲಿ ಹಕ್ಕುಪತ್ರ ಕೊಡ್ತಾರಾ?"

ನಮೂನೆ ಐವತ್ತೇಳು ಹಾಕಿ ಆರು ವರ್ಷ.
ಸಕಲೇಶಪುರದ ಕಚೇರಿಯ ಪಹಣಿಯಲ್ಲಿ ಇದು ಸರ್ಕಾರಿ ಖರಾಬು,
ಸಾಗುವಳಿದಾರರ ಕಾಲಮ್ಮು ಖಾಲಿ.
ತನ್ನ ನಾಡಿನ ಕಣ್ಣಿಗಿನ್ನೂ ಬೀಳದ ಹೆಂಗಸು
ಪರನಾಡಿನ ಕಡತದಲ್ಲಿ ಅರ್ಧ ಗೇಣಿನಷ್ಟು ಖಚಿತ.
ದೇಶದ ನೆಲದ ವಿವರ ದೇಶದ ಸ್ವತ್ತು ಎಂದು
ಯಾವುದೋ ಸಭೆಯಲ್ಲಿ ಯಾರೋ ಮೇಜು ಗುದ್ದಿದರಂತೆ.
ಆ ಮೇಜು ಹಾನುಬಾಳಿಗೆ ಬಲು ದೂರ.

ಹೋದ ತಿಂಗಳು ಕೊಳ್ಳುವವರ ಕಡೆಯವನೊಬ್ಬ ಬಂದಿದ್ದ.
ಅಕ್ಕಿರೊಟ್ಟಿ ಮುರಿಯುತ್ತ ಹೇಳಿದ:
ನಮ್ಮಲ್ಲಿ ಬೀದಿಯ ಚಿತ್ರದಲ್ಲಿ ನಿಮ್ಮ ಮನೆ ಕಂಡರೆ
ಒಂದು ಕಾಗದ ಬರೆದು ಮಸುಕು ಮಾಡಿಸಬಹುದು.
ಹಳೆಯ ಸುದ್ದಿಯಲ್ಲಿ ಹೆಸರಿದ್ದರೆ ಅಳಿಸಿ ಎನ್ನಬಹುದು;
ಮರೆಸಿಕೊಳ್ಳುವುದೂ ಅಲ್ಲಿ ಹಕ್ಕು.
ಯಾರ ಮಾತು ದೊಡ್ಡದು, ಒಕ್ಕೂಟದ್ದೋ ಒಂದೊಂದು ದೇಶದ್ದೋ,
ನಮ್ಮ ಕೋರ್ಟುಗಳಿಗೂ ಇನ್ನೂ ಬಗೆಹರಿದಿಲ್ಲ ಎಂದ.
"ಒಲೆ ಒಂದು, ಸೊಸೆಯರು ಇಪ್ಪತ್ತೇಳು," ಎಂದರು ಸಾಹೇಬರು.
ಯಾರೋ ಅದನ್ನು ಇಂಗ್ಲಿಷಿಗೆ ತಿರುಗಿಸಿದರು.
ಅವನು ತಡವಾಗಿ ನಕ್ಕ.

ನಾಲ್ಕನೆಯ ಮೂಲೆ. ಹಲಸಿನ ಬುಡ.
ಅಲ್ಲಿ ಅವಳು ಅಡ್ಡ ನಿಂತಳು.
"ಇಲ್ಲಿ ಬ್ಯಾಡ."
ಕಾಫಿ ಗಿಡದ ನಡುವೆ ಒಂದು ಮೊರದಗಲ ಬರಿ ನೆಲ,
ಮೂರು ಕಲ್ಲು, ಮೇಲೆ ಒಣಗಿದ ಕಾಕಡ.
ಹೆಸರಿಡೋಕ್ ಮುಂಚೆ ಹೋದದ್ದು ಎಂದಳು, ಅಷ್ಟೇ.
ಆಸ್ಪತ್ರೆಯ ಪುಸ್ತಕದಲ್ಲಿಲ್ಲ, ಅಂಗನವಾಡಿಯದರಲ್ಲಿಲ್ಲ,
ಅವಳ ಗಂಡನ ಬಾಯಲ್ಲೂ ಇಲ್ಲವಂತೆ ಈಗ.

ನಾನು ನಿಂತೆ. ಅವಳೂ ನಿಂತಳು.
ಕುಕ್ಕೆಯಿಂದ ಒಂದು ಹಣ್ಣು ಉರುಳಿತು,
ಇಬ್ಬರೂ ಎತ್ತಿಕೊಳ್ಳಲಿಲ್ಲ.

ಗೆರೆಯನ್ನು ಒಳಕ್ಕೆ ಬಾಗಿಸಿದೆ. ಐದು ಚುಕ್ಕೆ ಹೆಚ್ಚಾಯಿತು.
ಫೋನು ಕೇಳಿತು: ಈ ಭಾಗ ಬಿಟ್ಟದ್ದೇಕೆ?
ಬಂಡೆ. ನೀರು. ದಾರಿ. ಕಟ್ಟಡ. ಇತರೆ.
ಇತರೆ ಎಂದರೆ ವಿವರ ಬರೆಯಬೇಕು.
ಬಂಡೆ ಒತ್ತಿದೆ.

ಅವಳು ಗಾಜಿನ ಮೇಲೆ ಹೆಬ್ಬೆಟ್ಟಿಟ್ಟಳು.
ಹಣ್ಣಿನ ಅಂಟು, ಮೂರು ಸಲ ಬೇಡವೆಂದಿತು.
ಸೆರಗಿಗೆ ಒರೆಸಿ ನಾಲ್ಕನೆಯ ಸಲ.
ಗೆರೆ ಕೂಡಿತು, ಹಸಿರಾಯಿತು, ಹೋಯಿತು.
ಎಲ್ಲಿಗೆ ಎಂದು ಅವಳು ಕೇಳಲಿಲ್ಲ;
ಆಕಾಶದ ಕಡೆ ಒಮ್ಮೆ ನೋಡಿ
ಸೆರಗನ್ನು ತಲೆಮೇಲೆ ಎಳೆದುಕೊಂಡಳು.

ರಾತ್ರಿ ಲೋಹಿತಾಶ್ವರ ಕರೆ, ಮೇಲ್ವಿಚಾರಕರು:
"ಎರಡು ಇಪ್ಪತ್ತರಿಂದ ಎರಡು ಮೂವತ್ತೊಂದರ ತನಕ
ಒಂದೇ ಕಡೆ ನಿಂತಿದ್ದೀಯ. ಏನಿತ್ತಲ್ಲಿ?"

ನಾನು ಬೇಲಿ ಸುತ್ತುವಾಗ ನನ್ನ ಸುತ್ತಲೂ ಒಂದು ಗೆರೆ
ಎಳೆಯುತ್ತಿದ್ದರೆಂದು ಆಗ ಹೊಳೆಯಿತು.

"ಬಂಡೆ ಸಾರ್," ಎಂದೆ.
"ದಣಿವಾಗಿತ್ತು. ಕೂತಿದ್ದೆ."