ಅರ್ಧ ಎಕರೆ ಬಿಟ್ಟು

ಕ್ರಯಪತ್ರದಲ್ಲಿ ಹೀಗಿದೆ:
ವಾಯುವ್ಯದ ನೂರರವತ್ತು ಎಕರೆ,
ದಿಬ್ಬದ ಮೇಲಿನ ಅರ್ಧ ಎಕರೆ ಬಿಟ್ಟು.
ಬ್ಯಾಂಕಿಗೆ, ಬ್ಯಾಂಕಿನಿಂದ ಹಾಲ್ವರ್ಸನ್ನನಿಗೆ,
ಅವನಿಂದ ನನ್ನ ಮಾವನಿಗೆ, ಈಗ ನನಗೆ.
ಪ್ರತಿ ಸಲವೂ ಗುಮಾಸ್ತನ ಅದೇ ಸಾಲು:
ಅರ್ಧ ಎಕರೆ ಬಿಟ್ಟು.

ನಾನು ಹೆಲ್‌ಬ್ರುನ್ನರ ಪೈಕಿಯಲ್ಲ.
ಜೂನಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ
ಹುಲ್ಲು ಕತ್ತರಿಸುವವಳು, ಅಷ್ಟೆ.

ಇಲ್ಲಿ ಮೊದಲು ಮಲಗಿದವನೂ ಅವರವನಲ್ಲ.
ಬೆನ್ನಿಗೆ ಗಂಟು ಕಟ್ಟಿ ಸೂಜಿ, ಗುಂಡಿ, ರಿಬ್ಬನ್ನು ಮಾರುತ್ತ
ಸಿರಿಯಾ ಕಡೆಯಿಂದ ಡಕೋಟಾದವರೆಗೆ ಬಂದವನು
ಹಿಮಗಾಳಿಗೆ ಸಿಕ್ಕಿ
ಅವರ ಹುಲ್ಲುಹೆಂಟೆ ಮನೆಯ ಹೊಸ್ತಿಲಲ್ಲಿ ಕುಸಿದ.
ಅವನ ಮಾತು ಅವರಿಗೆ ತಿಳಿಯದು, ಅವರ ಜರ್ಮನ್ ಅವನಿಗೆ.
ಎದೆ ಮುಟ್ಟಿಕೊಂಡು ಏನೋ ಅಂದ.
ಹೆಸರೋ, ನೋವೋ.

ನೆಲ ಕಬ್ಬಿಣವಾಗಿತ್ತು. ಏಪ್ರಿಲ್ ತನಕ
ಕಣಜದಲ್ಲಿ, ಬಿತ್ತನೆ ಗೋದಿಯ ಪಕ್ಕ, ಹೆಣ ಕಾದಿತ್ತು.
ಕಾಸ್ಪರ್ ದಿಬ್ಬದಲ್ಲಿ ಗುಂಡಿ ತೋಡಿದ.
ಬೆಳೆ ಬಾರದ ಜಾಗ,
ಪರದೇಶಿಗೆ ಇಷ್ಟು ಸಾಕು ಅಂದುಕೊಂಡಿರಬೇಕು.
ತಾನೂ ಪರದೇಶಿಯೇ, ಬಂದು ಮೂರು ವರ್ಷ.

ಮರುವರ್ಷ ಗಂಟಲಮಾರಿ.
ಒಂಬತ್ತು ದಿನಕ್ಕೆ ಮೂರು ಮಕ್ಕಳು.
ಚರ್ಚಿನ ಅಂಗಳ ದೂರ, ಹಳ್ಳ ಉಕ್ಕಿತ್ತು.
'ಆ ದಿಬ್ಬಕ್ಕೇ ಒಯ್ಯಿ,' ಅಂದಳಂತೆ ಓಟೀಲಿಯಾ,
'ಅಲ್ಲಿ ದೊಡ್ಡವರು ಅಂತ ಒಬ್ಬರಾದರೂ ಇದ್ದಾರೆ.'

ಕಮ್ಮಾರ ಗಾಡಿಚಕ್ರದ ಪಟ್ಟಿ ಕಾಸಿ ಶಿಲುಬೆ ಬಡಿದ,
ನೆತ್ತಿಗೊಂದು ತಗಡಿನ ಸೂರ್ಯ.
ಹೆಸರಿದ್ದವು ಹನ್ನೊಂದು, ಇಲ್ಲದ್ದು ಒಂದು.
ಕಡೆಯದು ಧೂಳಿನ ವರ್ಷದ್ದು, ಫಿಲಿಪ್ಪೀನಾ, ಹೆರಿಗೆಯಲ್ಲಿ.
ಉಳಿದವರು ಲಾರಿ ಹತ್ತಿ ಪಶ್ಚಿಮಕ್ಕೆ ಹೋದರು.
ಮೊಮ್ಮಗಳೊಬ್ಬಳು ಒಮ್ಮೆ ಬಂದಿದ್ದಳು,
ಫೋಟೋ ತೆಗೆದು, ಸೊಳ್ಳೆ ಹೊಡೆದುಕೊಳ್ಳುತ್ತ ಕಾರು ಹತ್ತಿದಳು.

ಹೋದ ವರ್ಷ ಕಾಲೇಜಿನ ಹುಡುಗ ಬಂದ.
ಶಿಲುಬೆ ನೋಡಲೇ ಇಲ್ಲ,
ಮೊಣಕಾಲೂರಿ ಹುಲ್ಲು ಎಣಿಸಿದ.
ನಲವತ್ತೊಂದು ಜಾತಿ.
ಸುತ್ತ ಹತ್ತು ಮೈಲಿಯಲ್ಲಿ ಇಲ್ಲದ್ದು,
ನೇಗಿಲು ಮುಟ್ಟದ ನೆಲ ಇದೊಂದೇ ಅಂದ.
ಇವರಿಗಿಂತ ಹಿಂದಿನ ಹುಲ್ಲು.
ಕಾಡೆಮ್ಮೆಗಳ ಹಿಂದೆ ನಡೆದವರ ಕಾಲದ್ದು,
ಅವರ ಸತ್ತವರಿಗೆ ಯಾವ ಪತ್ರದಲ್ಲೂ
ಅರ್ಧ ಎಕರೆ ಬಿಟ್ಟಿಲ್ಲ.

'ಜೂನಿನಲ್ಲಿ ಕತ್ತರಿಸಬೇಡಿ, ಬೀಜ ಉದುರಲಿ.'
ಸರಿ ಅಂದೆ.
ಯಂತ್ರ ಕೊಟ್ಟಿಗೆಯಲ್ಲಿದೆ.
ಶಿಲುಬೆಗಳು ಈಗ ಹುಲ್ಲಲ್ಲಿ ಮುಳುಗಿ
ಸೂರ್ಯಗಳಷ್ಟೇ ಕಾಣುತ್ತವೆ, ಎಲ್ಲವೂ ಒಂದೇ ತರಹ.
ಸಂಜೆ ಹೋಗಿ ಕೈಯಿಂದ ತಡವಿ
ಅಕ್ಷರವಿಲ್ಲದ್ದು ಯಾವುದೆಂದು ಹುಡುಕುತ್ತೇನೆ.