ಒಂದು ಗೇಣು

ಭಾನುವಾರ ಮಧ್ಯಾಹ್ನ, ತುಮಕೂರು.
ಕೆಮಿಸ್ಟ್ರಿ ಲ್ಯಾಬಿನಲ್ಲಿ ಯಾರೂ ಇಲ್ಲ,
ಉಸಿರಾಟ ಮಾತ್ರ ನಿಂತಿಲ್ಲ.
ಒಂಬತ್ತು ಫ್ಯೂಮ್‌ಹುಡ್ಡುಗಳು ಬಾಯಿ ಕಳೆದು
ಎಸಿ ತಂಪನ್ನೆಲ್ಲ ಎಳೆದೆಳೆದು
ತಾರಸಿಯ ಕೊಳವೆಯಿಂದ ಆಕಾಶಕ್ಕೆ ಉಗುಳುತ್ತಿವೆ.
ಹೊರಗೆ ದೇವರಾಯನದುರ್ಗದ ಗಾಳಿ,
ಪುಕ್ಕಟೆ, ಯಾರಿಗೂ ಬೇಡ.

ಅಟೆಂಡರ್ ಮೂಡ್ಲಗಿರಿಯಪ್ಪ ಪಾವಗಡದ ಕಡೆಯವನು.
ಅಕ್ಕನ ಹೊಲದ ತುಂಬ ಈಗ ಸೋಲಾರ್ ಹಲಗೆ.
“ನಮ್ಮಕ್ಕನ ಬಿಸ್ಲು ಕಣಪ್ಪ,
ಹಿಂಗಾ ಊದ್‌ಬುಡಾದು?”
ಗೊಣಗುತ್ತ ಒಂದೊಂದೇ ಗಾಜು ಇಳಿಸಿದ.

ಏಳನೆಯದರಲ್ಲಿ ಚೀಟಿ:
‘ರಿಯಾಕ್ಷನ್ ನಡೆಯುತ್ತಿದೆ. ಮುಟ್ಟಬೇಡಿ. ತಹ್ಸೀನಾ.’
ಮುಟ್ಟಲಿಲ್ಲ.
ಗಾಜನ್ನಷ್ಟೇ ಇಳಿಸಿ
ಒಂದು ಗೇಣು ಬಿಟ್ಟ.

ಮೇಲೆ ಫ್ಯಾನು ದನಿ ತಗ್ಗಿಸಿತು.
ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿಸಿತು:
ಬೀಕರಿನೊಳಗೆ ಪುಟ್ಟ ಕಡ್ಡಿ
ಟಿಕ್ ಟಿಕ್ ಸುತ್ತುವುದು.