ಬೆನ್ನು ಸಡಿಲ, ಕೊನೆಯ ಹಾಳೆ ಇಲ್ಲ

ಒಹಾಯೋದ ಆ ಉಕ್ಕಿನ ಊರಲ್ಲಿ
ಕ್ಷೌರಿಕ ಪೀಟ್ ಡ್ರಾಬಿಕ್ ಸತ್ತ ಮೇಲೆ
ಅಂಗಡಿಯ ಅಟ್ಟದಿಂದ ಇಳಿದದ್ದು ಹತ್ತೊಂಬತ್ತು ಪೆಟ್ಟಿಗೆ.
ಕೊಲೆ ಒಂಬತ್ತರಲ್ಲಿ, ದೆವ್ವ ಆರರಲ್ಲಿ,
ಉಳಿದವುಗಳಲ್ಲಿ ಎರಡೂ ಕಲಸುಮೇಲೋಗರ.
ಒಟ್ಟಿಗೆ ಅರವತ್ತು ಡಾಲರಿಗೆ ಕೊಂಡವಳು ವೆರ್ನಾ ಹುಡಾಕ್,
ಎಪ್ಪತ್ತಾರು ವರ್ಷ, ಒಂದು ಮಂಡಿ ಲೋಹದ್ದು,
ಕೌಂಟಿ ಶವಪರೀಕ್ಷಕರ ಕಚೇರಿಯಲ್ಲಿ
ಮೂವತ್ತೊಂದು ವರ್ಷ ಬೆರಳಚ್ಚುಗಾರ್ತಿ.

ಈಗ ಊಟದ ಮೇಜಿನ ಮೇಲೆ ಊಟಕ್ಕೆ ಜಾಗವಿಲ್ಲ.

ಹಾಳೆಗಳೋ ಹಪ್ಪಳ. ಮುಟ್ಟಿದರೆ ಚೂರು,
ಮುಟ್ಟದೆ ಇಟ್ಟರೂ ಚೂರು,
ಅಗ್ಗದ ಕಾಗದ ತನ್ನ ಹುಳಿಯಲ್ಲಿ ತಾನೇ ಬೇಯುತ್ತದೆ.
ಬೆಣ್ಣೆ ಸವರುವ ಚಾಕುವಿನಿಂದ ಪುಟ ಎತ್ತುತ್ತಾಳೆ.
ನಡುನಡುವೆ ಕೂದಲು: ಕಂದು, ಕೆಂಚು,
ಯಾವುದೋ ಮಗುವಿನ ಬಂಗಾರದ ಎಳೆ.
ಮೊದಮೊದಲು ಊದಿ ಹಾರಿಸುತ್ತಿದ್ದಳು.
ಈಗ ಕಾರ್ಡಿನಲ್ಲಿ ಬರೆಯುತ್ತಾಳೆ:

ಮಾರ್ಚ್ ೧೯೪೧.
ಮುಖಪುಟ: ಹಸಿರು ಉಡುಪಿನ ಹೆಂಗಸು, ಕಿರುಚುತ್ತಿದ್ದಾಳೆ
(ಎಲ್ಲ ತಿಂಗಳೂ ಅವಳೇ ಕಿರುಚುವುದು,
ಡಿಸೆಂಬರಿನಲ್ಲೂ ತೋಳಿಲ್ಲದ ಉಡುಪು).
ಪಿನ್ನುಗಳ ಸುತ್ತ ತುಕ್ಕು.
ಪುಟ ೫೮: ಕೂದಲು, ಎರಡು, ಬಿಳಿ.

ಕಚೇರಿಯ ಚಾಳಿ. ಅಲ್ಲಿಯೂ ಹೀಗೆಯೇ,
ಎತ್ತರ, ತೂಕ, ಗಾಯ, ಜೇಬಿನಲ್ಲಿ ಸಿಕ್ಕಿದ್ದು.
ಕಥೆ ಏನೆಂದು ಯಾರೂ ಕೇಳುತ್ತಿರಲಿಲ್ಲ.

ಆಮೇಲೆ ಅಂಚಿನಲ್ಲಿ ಪೆನ್ಸಿಲ್ ಸಿಕ್ಕಿತು.
ಸರದಿ ಕಾಯುತ್ತ ಕೂತ ಯಾರೋ
ಕೊಲೆಗಾರ ಯಾರೆಂದು ಊಹಿಸಿದ್ದಾನೆ.
‘ಅಡುಗೆಯವನು.’ ಅಲ್ಲ, ಮಲತಂಗಿ.
‘ಮಲತಂಗಿ.’ ಅಲ್ಲ, ವಕೀಲ.
‘ವಕೀಲನೇ, ಮೊದಲೇ ಗೊತ್ತಿತ್ತು.’
ಅಲ್ಲ, ಪಿಯಾನೋ ರಿಪೇರಿಯ ಕುರುಡ,
ಅವನು ಕುರುಡನೂ ಅಲ್ಲ.
ನಲವತ್ತೇಳು ಸಂಚಿಕೆ, ನಲವತ್ತೇಳು ಊಹೆ,
ಒಂದಾದರೂ ಗುರಿ ಮುಟ್ಟಬೇಡವೇ!
ವೆರ್ನಾ ಒಬ್ಬಳೇ ನಕ್ಕಳು, ಕಾಫಿ ಚೆಲ್ಲುವಷ್ಟು.

ಒಂದು ಮಂಗಳವಾರ ಕನ್ನಡಕ ಬದಲಾಯಿತು.
ಹೊಸ ಗಾಜಿನಲ್ಲಿ ಕಂಡದ್ದು ‘ಜಿ’ ಅಕ್ಷರದ ಬಾಲ,
ಗಾಳದ ಮುಳ್ಳಿನಂತೆ ಒಳಕ್ಕೆ ಬಾಗಿದ್ದು.
ಆ ಬಾಲವನ್ನು ವರ್ಷಗಟ್ಟಲೆ ಬಿಡಿಸಿ ಓದಿದ ಕಣ್ಣು ಇದು.
ಡಾಕ್ಟರ್ ಓರಿನ್ ಗ್ರಿಂಡಲ್.
ಗುರುವಾರಕ್ಕೊಮ್ಮೆ ಕತ್ತಿನ ಮೇಲೆ ಪೌಡರ್ ಘಮಘಮಿಸುತ್ತ
ಕಚೇರಿಗೆ ಬರುತ್ತಿದ್ದರು.

ಕುಲುಮೆಯಿಂದ ತಂದವರು.
ಕ್ರೇನಿನ ಕೆಳಗೆ ಸಿಕ್ಕವರು.
ಹೊಳೆಯಲ್ಲಿ ತೇಲಿದ ಯೂನಿಯನ್ನಿನ ಹುಡುಗ,
ಗಾಯ ಮಾತ್ರ ಹಿಂದಲೆಯಲ್ಲಿ.
ಕಾರಣದ ಚೌಕದಲ್ಲಿ ಡಾಕ್ಟರರು ಬರೆದರು: ಆಕಸ್ಮಿಕ.
ಅವಳು ಕುಟ್ಟಿದಳು: ಆಕಸ್ಮಿಕ.
ಕಾರ್ಬನ್ ಕಾಗದದಡಿ ಇನ್ನೆರಡು ಸಲ
ಮಸುಕಾಗುತ್ತ, ಆಕಸ್ಮಿಕ, ಆಕಸ್ಮಿಕ.

ಅಂದು ಕಾರ್ಡು ಬರೆಯಲಿಲ್ಲ. ನಳ ಸೋರುತ್ತಿತ್ತು,
ಎದ್ದು ನಿಲ್ಲಿಸಲೂ ಇಲ್ಲ.

ದೆವ್ವದ ಪೆಟ್ಟಿಗೆಗಳಲ್ಲಿ ಡಾಕ್ಟರರು ಊಹಿಸಿಲ್ಲ.
ಒಂದೇ ಒಂದು ಸಾಲಿಗೆ ಗೆರೆ, ಎರಡು ಸಲ,
ಕಾಗದ ಹರಿಯುವಷ್ಟು ಒತ್ತಿ:
‘ಸತ್ತವನು ಬಾಗಿಲು ತಟ್ಟಲಿಲ್ಲ.
ಕೀಲಿ ಎಲ್ಲಿಡುತ್ತಾರೆಂದು ಅವನಿಗೆ ಗೊತ್ತಿತ್ತು.’

ಟಲ್ಸಾದ ಸಂಗ್ರಾಹಕ ಲೈಲ್ ಪ್ರೂಯಿಟ್ ಬರೆಯುತ್ತಾನೆ:
ಪೆನ್ಸಿಲನ್ನು ಮೆದು ರಬ್ಬರಿನಿಂದ ಅಳಿಸಿ,
ದರ್ಜೆ ಒಂದು ಮೆಟ್ಟಿಲು ಏರುತ್ತದೆ.
ರಬ್ಬರ್ ಕೊಂಡಿದ್ದಾಳೆ. ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ.

ಉಳಿದದ್ದು ಅಕ್ಟೋಬರ್ ೧೯೩೮.
ಕಾರ್ಖಾನೆಯ ಅಂಗಳದಲ್ಲಿ ಹೆಣ,
ಆರು ಜನ ಶಂಕಿತರು, ಕೊನೆಯ ಹಾಳೆ ಇಲ್ಲ.
ಅಂಚಿನಲ್ಲಿ ಅದೇ ಕೈ: ‘ಮಾಲೀಕ.’
ಬರೆದು, ಹೊಡೆದು ಹಾಕಿ,
ಹೊಡೆದು ಹಾಕಿದ್ದನ್ನು ಮತ್ತೆ ಬರೆದು, ಮತ್ತೆ ಹೊಡೆದು.
ಪೂರ್ತಿ ಪ್ರತಿ ಪ್ರೂಯಿಟನ ಬಳಿ ಇದೆ,
ಅಂಚೆಚೀಟಿ ಕಳಿಸಿದರೆ ಆ ಹಾಳೆಯ ನಕಲು ಕಳಿಸುತ್ತಾನಂತೆ.
ಮೂರು ವಾರವಾಯಿತು,
ಅಂಚೆಚೀಟಿ ಪರ್ಸಿನಲ್ಲೇ ಇದೆ.

ರಾತ್ರಿ ಹತ್ತರ ಮೇಲೆ ಕಾರ್ಡು ಎಳೆದುಕೊಂಡಳು.
ಬೆನ್ನು: ಸಡಿಲ. ಕೊನೆಯ ಹಾಳೆ: ಇಲ್ಲ.
ಪೆನ್ಸಿಲ್ ಗುರುತು: ಇದೆ, ಪುಟ ೯೪. ಅಳಿಸಿಲ್ಲ.
ತುಸು ತಡೆದು, ಅಡಿಯಲ್ಲಿ ಎಡಕ್ಕೆ,
ಕಚೇರಿಯ ಪ್ರತಿ ಕಾಗದದಲ್ಲೂ ಹಾಕುತ್ತಿದ್ದ ಹಾಗೆ
ಪುಟ್ಟ ಅಕ್ಷರದಲ್ಲಿ:
ಬೆರಳಚ್ಚಿಸಿದವರು, ವೆ. ಹು.